ಹದಿನೇಳನೇ ನಂಬರಿನ ಬಿಲ್ಲೆ

11 ಜೂನ್

ಟೈಪಿಸ್ಟಮ್ಮನವರಿಗೆ ಕಂಡಕ್ಟರನ ನಮಸ್ಕಾರ.

ನಿಮ್ಮ ಮಗಳ ಮನೆ ವಿಳಾಸವನ್ನು ಹೊಲಿಗೆ ಟೀಚರ್ ಹತ್ತಿರ ಇಸಿದುಕೊಂಡೆ. ಕೊಡುವ ಮೊದಲು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಗಿದ್ದು ಸಾಲದಾ ನಿಮಗೆ?" ಎಂದರು. ಚೀಟಿ ತೆಗೆದುಕೊಂಡು ಬಂದೆ.

ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದುಹಾಕಿದ್ದೇನೆ. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು ಜನರನ್ನು ಗದರಿದವನು ನಾನು. ಆ ಮೂವತ್ತನಾಲ್ಕು ವರ್ಷದಲ್ಲಿ ಯಾರದೋ ಒಂದು ಕೊಡೆಯನ್ನೂ ದಾರಿಯಲ್ಲಿ ಬಿಟ್ಟು ಬಂದವನಲ್ಲ. ಈಗ, ನಮ್ಮ ಹಿರಿಯರ ಕೂಟದ ಒಂದು ದಿನದ ಪ್ರವಾಸದಲ್ಲಿ, ನಿಮ್ಮನ್ನು ದೋಣಿಕಟ್ಟೆಯಲ್ಲಿ ಮಳೆಯೊಳಗೆ ಬಿಟ್ಟು ಬಂದೆ. ತಪ್ಪಾಯಿತು. ನೋಡಿ, ಬರೆದೇಬಿಟ್ಟೆ.

ಮಾರನೆಯ ಬೆಳಿಗ್ಗೆ ಮೊದಲ ದೋಣಿಯಿಂದ ನೀವು ಇಳಿದು ಬಂದಾಗ ನಾನು ಅಲ್ಲೇ ಇದ್ದೆ. "ನಿಲ್ಲೋಕೆ ಸೂರಿರಲಿಲ್ಲ, ದೋಣಿಯವರು ಪಾಪ ಆ ದಡಕ್ಕೆ ಕರ್ಕೊಂಡು ಹೋಗಿ ಮಲಗೋಕೆ ಜಾಗ ಕೊಟ್ರು" ಎಂದು ನೀವು ಪೊಲೀಸಿನವರಿಗೆ ಹೇಳಿದ್ದು ಕೇಳಿಸಿತು. ಮಾತಾಡಿಸೋಣವೆಂದು ಬಂದೆ. ಅಷ್ಟರಲ್ಲಿ ನಿಮ್ಮ ಮಗಳು ಬಂದಿಳಿದರು. ಅವರು ನನ್ನ ಕಡೆ ನೋಡಿದ ನೋಟಕ್ಕೆ ಕಾಲು ಮುಂದೆ ಬರಲಿಲ್ಲ.

ಇಲ್ಲಿ ಪ್ರವಾಸಗಳೆಲ್ಲ ನಿಂತಿವೆ. ಅಧ್ಯಕ್ಷರಾದ ಹೆಡ್‌ಮಾಸ್ಟ್ರು "ವಿಚಾರಣೆ ಮುಗಿಯೋ ತನಕ ಬಸ್ಸಿನ ಹೆಸರೆತ್ತಬೇಡಿ" ಎಂದಿದ್ದಾರೆ. ಲೈಬ್ರರಿ ಮೇಲಿನ ನಮ್ಮ ರೂಮಿನಲ್ಲಿ ಈಗ ಕೇರಂ ಒಂದೇ ಗತಿ. ಮಂಗಳವಾರ ರಕ್ತದೊತ್ತಡ ನೋಡಲು ನರ್ಸ್ ಬರುತ್ತಾರೆ. ಎಲ್ಲರದೂ ಏರಿದೆಯಂತೆ, ಕೂತು ಕೂತು.

ಒಂದು ವಿಷಯ ಕೇಳಬೇಕು. ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬರೆದರೆ ನನಗೆ ಸ್ಪಷ್ಟವಾಗುತ್ತದೆ. ಮೊದಲನೇ ಪ್ರವಾಸದಲ್ಲಿ ನಾನು ಭುಜ ಮುಟ್ಟಿ ತಲೆ ಎಣಿಸಿದ್ದಕ್ಕೆ ಹೆಡ್‌ಮಾಸ್ಟ್ರು "ನಾವೇನು ಕುರಿಮರಿಗಳಾ?" ಎಂದು ಕೆಂಡವಾದರಲ್ಲ, ಆವತ್ತಿನಿಂದ ಈ ಬಿಲ್ಲೆ ಪದ್ಧತಿ ಮಾಡಿದೆ. ಮುಚ್ಚಿದ ಟಾಕೀಸಿನ ಸೈಕಲ್ ಸ್ಟ್ಯಾಂಡಿನ ಹಿತ್ತಾಳೆ ಬಿಲ್ಲೆಗಳು. ಬಸ್ಸಿಳಿಯುವಾಗ ಹಲಗೆಯಿಂದ ತಮ್ಮ ನಂಬರು ತೆಗೆದುಕೊಳ್ಳುವುದು, ಹತ್ತುವಾಗ ನನ್ನ ಕೈಗೆ ಕೊಡುವುದು, ನಾನು ಮೊಳೆಗೆ ಸಿಕ್ಕಿಸುವುದು. ಮೂವತ್ತೆಂಟು ಮೊಳೆ ತುಂಬಿದರೆ ಸೀಟಿ.

ಅವತ್ತು ಮೂವತ್ತೆಂಟೂ ತುಂಬಿತ್ತು, ನಿಮ್ಮ ಹದಿನೇಳೂ ಸೇರಿ. ನಿಮ್ಮ ಪಕ್ಕ ಕೂರುವ ಟೀಚರ್ ವಾಂತಿಯ ಭಯಕ್ಕೆ ಮುಂದಿನ ಸೀಟಿಗೆ ಹೋಗಿದ್ದರು, ನಿಮ್ಮ ಸೀಟಿನಲ್ಲಿ ನಿಮ್ಮ ಚೀಲ ಇತ್ತು. ಹಾಗಾಗಿ ಮುಕ್ಕಾಲು ಗಂಟೆ ಯಾರಿಗೂ ಗೊತ್ತಾಗಲಿಲ್ಲ. ಬಿಲ್ಲೆಯನ್ನು ನೀವು ಯಾರ ಕೈಯಲ್ಲಿ ಕೊಟ್ಟು ಕಳಿಸಿದಿರಿ? ಯಾರನ್ನೂ ಬೈಯುವುದಕ್ಕಲ್ಲ. ಸುಮ್ಮನೆ ತಿಳಿದುಕೊಳ್ಳಲು.

ಕಂಡಕ್ಟರ್

20 ಜೂನ್

ಕಂಡಕ್ಟ್ರೇ,

ನಿಮ್ಮ ಕಾಗದ ನೋಡಿ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಯಾವ ಕ್ಷಮೆ, ಎಂಥ ಕ್ಷಮೆ? ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ನನ್ನ ಅಕ್ಷರ ಕೋಳಿಕಾಲಿನಂತಿದೆ, ಸಹಿಸಿಕೊಳ್ಳಿ. ನೋಂದಣಿ ಕಚೇರಿಯಲ್ಲಿ ನಲವತ್ತು ವರ್ಷ ಟೈಪ್ ಮಾಡಿದವಳಿಗೆ ಪೆನ್ನು ಹಿಡಿದರೆ ಬೆರಳು ಜಗಳಕ್ಕೆ ಬರುತ್ತವೆ. ನನ್ನ ಮೆಷಿನ್ ಊರಿನ ಮನೆಯಲ್ಲೇ ಇದೆ.

ಇದು ನಾಲ್ಕನೇ ಮಹಡಿ. ಕಿಟಕಿಯಲ್ಲಿ ನೋಡಿದರೆ ಎದುರು ಮನೆಯ ಕಿಟಕಿ. ಆ ಮನೆಯವರು ದಿನಕ್ಕೆ ಎಷ್ಟು ಸಲ ಹಲ್ಲುಜ್ಜುತ್ತಾರೆ ಎಂದು ಕೇಳಿ, ಹೇಳುತ್ತೇನೆ. ಬೆಳಿಗ್ಗೆಯಿಂದ ಸಂಜೆಯ ತನಕ ಹಾಲಿನಿಂದ ರೂಮಿಗೆ, ರೂಮಿನಿಂದ ಹಾಲಿಗೆ ಓಡಾಡುತ್ತೇನೆ. ಅಳಿಯ ಒಳ್ಳೆಯವನು. "ಅತ್ತೆ, ನೆಲ ಸವೆದೀತು" ಎಂದು ತಮಾಷೆ ಮಾಡುತ್ತಾನೆ.

ಮಗಳು ವಿಮಾ ಕಂಪನಿಯಲ್ಲಿ ಕ್ಲೇಮು ಪರಿಶೀಲಿಸುವವಳು. ಎದುರಿನವರು ಹೇಳಿದ್ದನ್ನು ನಂಬದೇ ಇರುವುದಕ್ಕೇ ಅವಳಿಗೆ ಸಂಬಳ. ನನ್ನ ಮನೆಯ ಬೀಗದ ಕೈ ಅವಳ ಹ್ಯಾಂಡ್‌ಬ್ಯಾಗಿನಲ್ಲಿದೆ. "ಅಕ್ಟೋಬರ್ ತನಕ ಇಲ್ಲಿರು ಅಮ್ಮ. ಎಲ್ಲಾ ಸರಿಯಾಗಿದ್ರೆ ನಿನ್ ಮನೆಗೆ ನೀನು ಹೋಗು" ಎಂದಿದ್ದಾಳೆ. ಎಲ್ಲಾ ಎಂದರೆ ನನ್ನ ತಲೆ. ಮೊನ್ನೆ ಹಾಲು ಉಕ್ಕಿತು. ಹಾಲು ಎಲ್ಲರ ಮನೆಯಲ್ಲೂ ಉಕ್ಕುತ್ತದೆ. ಆದರೆ ನಾನು ಒಲೆ ಮುಂದೆ ನಿಂತಿದ್ದಾಗ ಉಕ್ಕಿದರೆ ಅವಳು ಗಂಡನ ಮುಖ ನೋಡುತ್ತಾಳೆ. ಅಕ್ಟೋಬರ್ ತನಕ ಮೈಯೆಲ್ಲ ಕಣ್ಣಾಗಿ ಇರಬೇಕು.

ಬಿಲ್ಲೆ ವಿಷಯ ತಲೆಗೆ ಹಚ್ಚಿಕೊಳ್ಳಬೇಡಿ. ಮಳೆ ಬಂತಲ್ಲ, ಆ ಗಲಾಟೆಯಲ್ಲಿ ಯಾರ ಕೈಗೋ ಕೊಟ್ಟಿರಬೇಕು. ನೆನಪಿಲ್ಲ. ಹೆಡ್‌ಮಾಸ್ಟ್ರು ಯಾರ ಮೇಲಾದರೂ ಗೂಬೆ ಕೂರಿಸಲು ನೋಡುತ್ತಿದ್ದಾರೆ ಅಂತ ಕಾಣುತ್ತದೆ. ನೀವು ಅದಕ್ಕೆ ಸೊಪ್ಪು ಹಾಕಬೇಡಿ.

ಟೈಪಿಸ್ಟ್

27 ಜೂನ್

ಟೈಪಿಸ್ಟಮ್ಮನವರಿಗೆ,

ಇದನ್ನು ನನ್ನಿಂದ ಕೇಳಿಸುತ್ತಿರುವುದು ಹೆಡ್‌ಮಾಸ್ಟ್ರಲ್ಲ. ನಾನೇ ಕೇಳುತ್ತಿದ್ದೇನೆ.

ಮೂವತ್ತೇಳು ಜನರನ್ನೂ ವಿಚಾರಿಸಿದೆ. ಮನೆಮನೆಗೆ ಹೋದೆ. ಗಡಿಯಾರ ರಿಪೇರಿಯವರು ನನ್ನನ್ನು ನೋಡಿದ ಕೂಡಲೇ "ಅಯ್ಯೋ, ಮತ್ತೆ ಬಂದ್ರಾ" ಎಂದು ಬಾಗಿಲು ಅರ್ಧ ಮುಚ್ಚಿದರು. ನಿಮ್ಮ ಬಿಲ್ಲೆ ಯಾರೂ ತಂದಿಲ್ಲ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲ ಕಾಗದದಲ್ಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ನನ್ನ ನೆನಪಿನಲ್ಲಿ ಆ ಬಿಲ್ಲೆಯನ್ನು ನೀವೇ ಕೊಟ್ಟಿರಿ. ಮುಂದಿನ ಬಾಗಿಲಿನ ಎರಡನೇ ಮೆಟ್ಟಿಲಲ್ಲಿ ನಿಂತು, ನನ್ನ ಬಲಗೈಗೆ. ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಕೈ ಒದ್ದೆಯಾಗಿತ್ತು. ಪ್ರತಿ ಸಲವೂ "ಕಂಡಕ್ಟ್ರೇ, ಚಿಲ್ಲರೆ ವಾಪಸ್ ಕೊಡಿ" ಎಂದು ತಮಾಷೆ ಮಾಡುವವರು ಅವತ್ತು ಮಾಡಲಿಲ್ಲ. "ತಗೊಳ್ಳಿ" ಎಂದಷ್ಟೇ ಹೇಳಿ ಒಳಗೆ ಹೋದಿರಿ.

ಇದನ್ನು ಕೂಟದಲ್ಲಿ ಹೇಳಿದೆ. ಒಬ್ಬಿಬ್ಬರು ನಕ್ಕರು. ಹೆಡ್‌ಮಾಸ್ಟ್ರು ನಗಲಿಲ್ಲ, ಅದೇ ಕಷ್ಟವಾಯಿತು. ಬೆನ್ನ ಮೇಲೆ ಕೈಯಿಟ್ಟು, "ಕಂಡಕ್ಟ್ರೇ, ಬಸ್ ಹತ್ತಿದವರು ದೋಣಿಕಟ್ಟೇಲಿ ಉಳಿಯೋದು ಹೇಗೆ? ವಯಸ್ಸಾಯ್ತು, ಬಿಡಿ" ಎಂದರು. ಅವರು ಕೇಳುವುದರಲ್ಲಿ ತಪ್ಪೇನಿದೆ? ಹೇಗೆ ಉಳಿಯುತ್ತಾರೆ?

ನಿಮ್ಮ ಮನಸ್ಸಿನಲ್ಲಿ ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಹೌದು ಅಥವಾ ಇಲ್ಲ, ಒಂದೇ ಮಾತು ಬರೆಯಿರಿ. ಆ ಬಿಲ್ಲೆಯನ್ನು ನೀವು ನನ್ನ ಕೈಗೆ ಕೊಟ್ಟಿರಾ?

ಕಂಡಕ್ಟರ್

15 ಜುಲೈ

ಕಂಡಕ್ಟ್ರೇ,

ಇದೇನು ಪೊಲೀಸ್ ಠಾಣೆಯೇ? ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನಿಮ್ಮ ಮಾತಿನ ಅರ್ಥವೇ? ಬಸ್ಸು ಹೋಯಿತು, ನಾನು ಉಳಿದೆ, ಬದುಕಿ ಬಂದೆ. ಮುಗಿಯಿತು. ನಿಮ್ಮ ತಪ್ಪನ್ನು ನಾನು ದೊಡ್ಡದು ಮಾಡಲಿಲ್ಲ, ನೀವು ನನ್ನ ಮೇಲೇಕೆ ಹಾಕುತ್ತೀರಿ?

ನಿಮ್ಮ ಕಾಗದವನ್ನು ಮಗಳು ನನ್ನ ಕೈಗೆ ಕೊಡುವಾಗ "ಆ ಮನುಷ್ಯ ಯಾಕೆ ಮತ್ತೆ ಮತ್ತೆ ಬರೀತಾನೆ?" ಎಂದು ಕೇಳಿದಳು. ಕ್ಷಮೆ ಕೇಳುತ್ತಾರೆ ಎಂದೆ. ಅಷ್ಟೇ ಬರೆಯಿರಿ ಇನ್ನು ಮುಂದೆ.

ಇಲ್ಲ. ನಿಮಗೆ ಬೇಕಾದ ಒಂದೇ ಮಾತು ಇದು.

ಟೈಪಿಸ್ಟ್

22 ಜುಲೈ, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ತಿಂಡಿ ಆಯಿತು. ಹಾಲು ತಂದಾಯಿತು.

ಟೈಪಿಸ್ಟಮ್ಮನವರಿಗೆ,

ನಿಮ್ಮ ಕಾಗದ ಬಂತು. ನಿಮ್ಮ ಮನಸ್ಸು ನೋಯಿಸಿದ್ದಕ್ಕೆ ಕ್ಷಮಿಸಿ. ನೀವು ಹೇಳಿದ್ದೇ ನಿಜ, ನನಗೇ ಏನೋ ತಪ್ಪು ಕಂಡಿದೆ. ಹಾಗೆಂದು ಹೆಡ್‌ಮಾಸ್ಟ್ರಿಗೆ ಬರೆದುಕೊಟ್ಟಿದ್ದೇನೆ. ಪ್ರವಾಸದ ಜವಾಬ್ದಾರಿಯನ್ನೂ ಬಿಟ್ಟಿದ್ದೇನೆ. ಸೀಟಿ, ಹಲಗೆ, ಬಿಲ್ಲೆಗಳು ಎಲ್ಲವನ್ನೂ ಒಪ್ಪಿಸಿದೆ. ಅಕ್ಕ ಜೊತೆಗೆ ಬಂದಿದ್ದಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗಳಿಗೂ ಅಳಿಯನಿಗೂ ನನ್ನ ನಮಸ್ಕಾರ ತಿಳಿಸಿ. ಸಮಯ ಈಗ ಹತ್ತೂ ಮೂವತ್ತೈದು.

ಕಂಡಕ್ಟರ್

9 ಆಗಸ್ಟ್

ಕಂಡಕ್ಟ್ರೇ,

ಹಿಂದಿನ ಕಾಗದದಲ್ಲಿ ಒರಟಾಗಿ ಬರೆದೆ. ಅವತ್ತು ನನ್ನ ತಲೆ ಸರಿಯಿರಲಿಲ್ಲ. ಮರೆತುಬಿಡಿ.

ಇಲ್ಲಿನ ಕಥೆ ಕೇಳಿ. ಈ ಕಟ್ಟಡದಲ್ಲೂ ಒಂದು ಹಿರಿಯರ ಸಂಘವಿದೆ. ಮಗಳು ನನ್ನನ್ನು ಸೇರಿಸಿಯೇಬಿಟ್ಟಳು. ಹೋದ ಭಾನುವಾರ ಪ್ರವಾಸ. ಎಲ್ಲರ ಕೊರಳಿಗೂ ಒಂದೊಂದು ಪಟ್ಟಿ, ಅದರಲ್ಲಿ ಮಕ್ಕಳ ಫೋನ್ ನಂಬರು, ರಕ್ತದ ಗುಂಪು. ತಂಪು ಗಾಳಿಯ ಬಸ್ಸು, ಕಿಟಕಿ ತೆರೆಯುವ ಹಾಗಿಲ್ಲ. ಕರೆದುಕೊಂಡು ಹೋದದ್ದು ಎಲ್ಲಿಗೆ ಅಂತೀರಿ? ಒಂದು ದೊಡ್ಡ ಅಂಗಡಿಗೆ! ಒಳಗೆ ಬೆಂಚುಗಳಿವೆ, ಶೌಚಾಲಯ ಸ್ವಚ್ಛವಾಗಿದೆ, ಜಾರುವುದಿಲ್ಲ. ಎರಡು ಗಂಟೆ ಬೆಂಚಿನ ಮೇಲೆ ಕೂತು ಬಂದೆವು. ಇಬ್ಬಿಬ್ಬರು ಕೈ ಹಿಡಿದುಕೊಂಡೇ ನಡೆಯಬೇಕು. ನನ್ನ ಜೊತೆಗಾರ್ತಿ ನಿವೃತ್ತ ದಂತವೈದ್ಯೆ, ಆ ಹಿಡಿತಕ್ಕೆ ನನ್ನ ಬೆರಳು ಇನ್ನೂ ನೋಯುತ್ತಿವೆ. ನಮ್ಮ ಡಕೋಟ ಬಸ್ಸು, ನಿಮ್ಮ ಸೀಟಿ, ಎಲ್ಲ ನೆನಪಾಯಿತು. ನೀವು ಜವಾಬ್ದಾರಿ ಬಿಟ್ಟಿದ್ದು ಸರಿಯಲ್ಲ. ಅಕ್ಟೋಬರಿನಲ್ಲಿ ನಾನು ಬರುತ್ತೇನೆ, ಬಂದು ಹೆಡ್‌ಮಾಸ್ಟ್ರ ಕಿವಿ ಹಿಂಡುತ್ತೇನೆ.

ಒಂದು ಮಾತು. ನಾನು ನಲವತ್ತು ವರ್ಷ ಇನ್ನೊಬ್ಬರ ಕರಡು ನೋಡಿ ಟೈಪ್ ಮಾಡಿದವಳು, ಕಾಗದದಲ್ಲಿ ಏನಾದರೂ ಹೆಚ್ಚಿಗೆ ಇದ್ದರೆ ಮೊದಲು ಕಣ್ಣಿಗೆ ಬೀಳುತ್ತದೆ. ನಿಮ್ಮ ಕಾಗದದ ತಲೆಯ ಮೇಲೆ ತಿಂಡಿ ಆಯಿತು, ಹಾಲು ತಂದಾಯಿತು ಎಂದೇಕೆ ಬರೆದಿದ್ದೀರಿ? ಕೊನೆಯಲ್ಲಿ ಸಮಯ ಏಕೆ? ಹೆಡ್‌ಮಾಸ್ಟ್ರಿಗೆ ಕಾಗದ ಕೊಡಲು ನಿಮ್ಮಕ್ಕ ಏಕೆ ಜೊತೆಗೆ ಬಂದರು? ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತುವುದಿಲ್ಲವಲ್ಲ?

ಟೈಪಿಸ್ಟ್

18 ಆಗಸ್ಟ್, ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಊಟ ಆಯಿತು. ಮಧ್ಯಾಹ್ನದ ಮಾತ್ರೆ ಆಯಿತು.

ಟೈಪಿಸ್ಟಮ್ಮನವರಿಗೆ,

ಹೇಳಬಾರದೆಂದಿದ್ದೆ. ನಿಮಗೆ ಬೇಜಾರಾಗುತ್ತದೆ ಎಂದು. ಆದರೆ ನಿಮ್ಮ ಕಣ್ಣಿಗೆ ಬಿದ್ದಮೇಲೆ ತಪ್ಪಿಸಿಕೊಳ್ಳುವುದು ಹೇಗೆ?

ನಿಮ್ಮ "ಇಲ್ಲ" ಬಂದ ದಿನ ನಾನು ಊಟ ಮಾಡಲಿಲ್ಲ. ಅಕ್ಕ ಕಾಗದ ಕಿತ್ತುಕೊಂಡು ಓದಿದಳು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು, ಎಂಥೆಂಥದನ್ನೋ ನೋಡಿದವಳು, ಅವತ್ತು ಅವಳ ಮುಖವೂ ಬಿಳುಪೇರಿತು. "ನಡಿ ಡಾಕ್ಟರ ಹತ್ರ" ಎಂದಳು. ಡಾಕ್ಟರು ಒಂದು ಗಡಿಯಾರ ಬರೆಯಲು ಹೇಳಿದರು, ಬರೆದೆ. ಮೂರು ಪದ ಹೇಳಿದರು, ಕುರ್ಚಿ, ನಿಂಬೆ, ರೈಲು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡೇ ಬಂತು. ನಾನಾಗ ಬಿಲ್ಲೆಯನ್ನೇ ಯೋಚಿಸುತ್ತಿದ್ದೆ. ಅವರು ಹೇಳಿದ್ದೇನೆಂದರೆ, ಮರೆಯುವುದು ಇರಲಿ, ಅದು ಎಲ್ಲರಿಗೂ ಇದೆ. ನಡೆಯದೇ ಇದ್ದದ್ದು ನಡೆದ ಹಾಗೆ ಕಾಣುವುದು ಬೇರೆ. ಒದ್ದೆ ಕೈ ಸಮೇತ ಕಾಣುವುದು ಒಳ್ಳೆಯ ಲಕ್ಷಣ ಅಲ್ಲ.

ಈಗ ದಿನಕ್ಕೆ ಮೂರು ಮಾತ್ರೆ. ನುಂಗಿದರೆ ಕಾಲು ಭಾರ. ಮಾಡಿದ ಕೆಲಸವನ್ನೆಲ್ಲ ಬರೆದಿಡಲು ಹೇಳಿದ್ದಾರೆ. ಹೊರಗಿನ ಬಾಗಿಲಿನ ಬೀಗದ ಕೈ ಅಕ್ಕನ ಸೊಂಟದಲ್ಲಿದೆ. ಎಲ್ಲಿಗೆ ಹೋದರೂ ಕುಂಟುತ್ತಾ ಹಿಂದೆ ಬರುತ್ತಾಳೆ. ಅವಳ ಮಂಡಿ ನೋಡಿ ನಾನೇ ಹೋಗುವುದು ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಹಳೆಯ ರೂಟಿನ ಸ್ಟಾಪುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ಎಲ್ಲಾ ಬರುತ್ತವೆ. ಆದರೆ ಅವೆಲ್ಲ ನಿಜವಾಗಿ ಇದ್ದವೇ ಎಂದು ಈಗ ಅನುಮಾನ.

ನಿಮಗೆ ನಾನು ಋಣಿ. ಬೇರೆಯವರೆಲ್ಲ ಹಾರಿಕೆಯ ಮಾತಾಡಿದರು. ನೀವು ನೇರವಾಗಿ ಇಲ್ಲ ಎಂದಿರಿ. ಬೇಗ ಗೊತ್ತಾಗಿದ್ದು ಒಳ್ಳೆಯದೇ ಆಯಿತು ಎಂದು ಡಾಕ್ಟರು ಹೇಳಿದರು.

ಮೂರೂ ಇಪ್ಪತ್ತು.

ಕಂಡಕ್ಟರ್

22 ಆಗಸ್ಟ್

ಕಂಡಕ್ಟ್ರೇ,

ಆ ಬಿಲ್ಲೆಯನ್ನು ನಿಮ್ಮ ಕೈಗೆ ಕೊಟ್ಟವಳು ನಾನೇ. ಎರಡನೇ ಮೆಟ್ಟಿಲಲ್ಲಿ, ನಿಮ್ಮ ಬಲಗೈಗೆ. ನನ್ನ ಕೈ ಒದ್ದೆಯಾಗಿತ್ತು. "ತಗೊಳ್ಳಿ" ಎಂದೆ. ತಮಾಷೆ ಮಾಡಿದರೆ ಎಲ್ಲಿ ನಗು ಬಂದು ಸಿಕ್ಕಿಬೀಳುತ್ತೇನೋ ಎಂದು ಸುಮ್ಮನೆ ಒಳಗೆ ಹೋದೆ. ಟೀಚರ್ ಮುಂದೆ ಹೋಗಿದ್ದರು. ಸೀಟಿನ ಮೇಲೆ ಚೀಲ ಇಟ್ಟೆ, ನೋಡಿದವರಿಗೆ ನಾನಿದ್ದೇನೆ ಅನ್ನಿಸಲಿ ಎಂದು. ಯಾರೋ ಕೊಡೆ ಕೊಡವಲು ಹಿಂದಿನ ಬಾಗಿಲು ತೆರೆದಿದ್ದರು. ಇಳಿದುಬಿಟ್ಟೆ. ಟಿಕೆಟ್ ಶೆಡ್ಡಿನ ಹಿಂದೆ ನಿಂತು ನಿಮ್ಮ ಸೀಟಿ ಕೇಳಿದೆ, ಬಸ್ಸು ಹೋಗಿದ್ದನ್ನು ನೋಡಿದೆ. ಆಮೇಲೆ ಓಡಿ ಹೋಗಿ ದೋಣಿ ಹತ್ತಿದೆ, ಪರೀಕ್ಷೆ ತಪ್ಪಿಸಿದ ಹುಡುಗಿಯ ಹಾಗೆ.

ಏಕೆ ಎಂದು ಕೇಳುತ್ತೀರಿ. ಮೂರು ವರ್ಷದಲ್ಲಿ ಆ ದೋಣಿಕಟ್ಟೆಗೆ ಮೂರು ಸಲ ಹೋದೆವು. ಮೂರೂವರೆಗೆ ಇಳಿಯುವುದು, ಶೌಚಾಲಯ, ಚಹಾ, ಫೋಟೋ, ನಾಲ್ಕೂಕಾಲಿಗೆ ಸೀಟಿ. ದೋಣಿ ಬಿಡುವುದು ನಾಲ್ಕೂವರೆಗೆ. ಪ್ರತಿ ಸಲವೂ ನಾನು ಬಸ್ಸಿನ ಕಿಟಕಿಯಿಂದ ಅದರ ಹಗ್ಗ ಬಿಚ್ಚುವುದನ್ನು ನೋಡಿದೆ. ನಲವತ್ತು ವರ್ಷ ನಾನು ಮಾಡಿದ ಕೆಲಸ ಏನು ಗೊತ್ತೇ? ಜನರ ಜಮೀನಿನ ಚಕ್ಕುಬಂದಿ ಟೈಪ್ ಮಾಡುವುದು. ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ದಾರಿ, ಉತ್ತರಕ್ಕೆ ಇನ್ನೊಬ್ಬರ ಬೇಲಿ. ಸಾವಿರಾರು ಹೊಳೆ ಟೈಪ್ ಮಾಡಿದೆ. ಕುರ್ಚಿಯಿಂದ ಎದ್ದು ಒಂದನ್ನೂ ದಾಟಲಿಲ್ಲ. ನಿವೃತ್ತಿಯಾದ ಮೇಲಾದರೂ ಕಾಲು ಸ್ವತಂತ್ರ ಎಂದುಕೊಂಡೆ. ಆಗ ನಿಮ್ಮ ಸೀಟಿ ಶುರುವಾಯಿತು. ನಿಮ್ಮನ್ನು ದೂರುತ್ತಿಲ್ಲ, ಸೀಟಿ ಬೇಕು. ನನಗೆ ತಡೆಯಲಾಗಲಿಲ್ಲ, ಅಷ್ಟೇ.

ಆ ದಡದಲ್ಲಿ ಏನೂ ಇಲ್ಲ ಕಂಡಕ್ಟ್ರೇ. ಒಂದು ತೂಕದ ಶೆಡ್ಡು, ಬೀಗ ಹಾಕಿದ ಮಿಲ್ಲು, ಗಾಡಿ ಮುಚ್ಚುತ್ತಿದ್ದ ಚಹಾದವನು, ಆಮೇಲೆ ತಿರುವಿನ ರಸ್ತೆ. ತಿರುವಿನ ತನಕ ನಡೆದೆ, ಅದರಾಚೆಗೂ ನಡೆದೆ. ವಾಪಸ್ ಬರುವ ಸಂಜೆಯ ದೋಣಿ ಗಾಳಿಗೆ ಹೊರಡಲಿಲ್ಲ. ಟಿಕೆಟ್ ಕೊಡುವವನ ತಾಯಿ ಒಂದು ಮಂಚ ಕೊಟ್ಟರು. ಫೋನ್ ಚೀಲದಲ್ಲಿತ್ತು, ಅಲ್ಲಿದ್ದವರ ಫೋನ್ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಅಷ್ಟು ಖುಷಿಯಾಗಿತ್ತು. ನೀವೆಲ್ಲ ಅಲ್ಲಿ ಹುಡುಕುತ್ತಿದ್ದೀರಿ ಎಂಬುದು ಬೆಳಗಾಗುವ ತನಕ ತಲೆಗೇ ಬರಲಿಲ್ಲ.

ಬಂದ ಮೇಲೆ ಮಗಳ ಮುಖ ನೋಡಿ ಸುಳ್ಳು ಬಾಯಿಗೆ ಬಂತು. ಬೇಕೆಂದೇ ಇಳಿದೆ ಎಂದರೆ ನನ್ನ ತಲೆ ಕೆಟ್ಟಿದೆ ಎಂದು ತೀರ್ಮಾನಿಸುತ್ತಾಳೆ, ಇನ್ನೆಂದೂ ಒಬ್ಬಳೇ ಬಿಡುವುದಿಲ್ಲ. ಅಕ್ಟೋಬರ್ ಕಳೆಯಲಿ, ಬೀಗದ ಕೈ ಕೈಗೆ ಬರಲಿ, ಆಮೇಲೆ ನಿಮಗೆ ಹೇಳೋಣ ಎಂದಿದ್ದೆ. ನೀವು ತಲೆ ಕೆಡಿಸಿಕೊಂಡಿದ್ದೀರಿ ಎಂದು ಗೊತ್ತಿತ್ತು. ನಿಜವಾಗಿಯೂ ತಲೆ ಕೆಟ್ಟಿದೆ ಎಂದು ನಂಬುತ್ತೀರಿ ಎಂದು ಗೊತ್ತಿರಲಿಲ್ಲ.

ಆ ಮಾತ್ರೆ ನುಂಗಬೇಡಿ. ಈ ಕಾಗದವನ್ನು ಡಾಕ್ಟರಿಗೆ ತೋರಿಸಿ.

ಟೈಪಿಸ್ಟ್

10 ಸೆಪ್ಟೆಂಬರ್

ಕಂಡಕ್ಟ್ರೇ,

ಉತ್ತರವಿಲ್ಲ. ಕಾಗದ ತಲುಪಿತೋ ಇಲ್ಲವೋ. ದಿನಾ ಲಿಫ್ಟಿನ ಪಕ್ಕದ ಪೆಟ್ಟಿಗೆ ನೋಡಿ ನೋಡಿ ಕಾವಲುಗಾರನಿಗೂ ನನ್ನ ಮೇಲೆ ಅನುಮಾನ ಬಂದಿದೆ. ಬೈಯಿರಿ, ಬೈದಾದರೂ ಬರೆಯಿರಿ. ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಮಾತ್ರೆ ನಿಲ್ಲಿಸಿದಿರಾ?

ಟೈಪಿಸ್ಟ್

14 ಸೆಪ್ಟೆಂಬರ್

ಟೈಪಿಸ್ಟಮ್ಮ,

ತಲುಪಿತ್ತು. ಸಿಟ್ಟಿಗೆ ಬರೆಯಲಾಗಲಿಲ್ಲ. ಈಗಲೂ ಅದು ಇಳಿದಿಲ್ಲ. ಕ್ಷೇಮಸಮಾಚಾರ ಕೇಳುವ ಮನಸ್ಸಿಲ್ಲ.

ನಾನು ಹೌದು ಅಥವಾ ಇಲ್ಲ ಎಂದು ಕೇಳಿದ್ದೆ. ಬೇರೇನನ್ನೂ ಕೇಳಿರಲಿಲ್ಲ. ನೀವು ಏಕೆ ಇಳಿದಿರಿ, ಎಲ್ಲಿಗೆ ಹೋದಿರಿ, ಅದು ನಿಮ್ಮ ಕಾಲು, ನಿಮ್ಮ ಇಷ್ಟ. ಹೇಳಿದ್ದರೆ ನಾನೇ ಹಿಂದಿನ ಬಾಗಿಲು ತೆರೆದು ಕೊಡುತ್ತಿದ್ದೆ. ಆದರೆ "ಇಲ್ಲ" ಎಂದು ಬರೆಯುವಾಗ ನಿಮಗೆ ಗೊತ್ತಿತ್ತು. ಆಮೇಲೆ ನಾನು ನಲವತ್ತು ದಿನ ನನ್ನ ತಲೆಯನ್ನೇ ಕಳ್ಳನ ಹಾಗೆ ಕಾವಲು ಕಾದೆ. ಹಾಲು ತಂದು ಬರೆದೆ, ಬರೆದದ್ದನ್ನು ನಂಬದೆ ಮತ್ತೆ ಹೋಗಿ ಹಾಲು ನೋಡಿದೆ. ಅಕ್ಕ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು, ನನಗೆ ಕೇಳಿಸಬಾರದು ಅಂತ. ನಿಮ್ಮ ಬೀಗದ ಕೈ ಉಳಿಸಿಕೊಳ್ಳಲು ನನ್ನದನ್ನು ಕೊಟ್ಟುಬಿಟ್ಟಿರಿ.

ಅಕ್ಕ ನಿಮ್ಮ ಕಾಗದ ಓದಿ ಒಂದೇ ಸಲಕ್ಕೆ ಚಪ್ಪಲಿ ಮೆಟ್ಟಿದಳು, ಹೆಡ್‌ಮಾಸ್ಟ್ರ ಮನೆಗೆ, ಡಾಕ್ಟರ ಹತ್ತಿರ, ಎಲ್ಲಾ ಕಡೆ ಓದಿಸುತ್ತೇನೆ ಎಂದು. ನಾನು ಬಾಗಿಲಿಗೆ ಅಡ್ಡ ನಿಂತೆ. "ಅದು ನನಗೆ ಬರೆದ ಕಾಗದ. ಅವರ ಮಗಳಿಗೇ ಗೊತ್ತಿಲ್ಲದ್ದು ಊರಿಗೆಲ್ಲ ಯಾಕೆ?" ಎಂದೆ. "ನಿನಗೆ ನಿಜವಾಗ್ಲೂ ತಲೆ ಕೆಟ್ಟಿದೆ" ಎಂದಳು. ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ತೋರಿಸದೆ ಬಾಯಿಮಾತಲ್ಲಿ ಹೇಳಿದೆ, ಡಾಕ್ಟರು ಕನಿಕರದಿಂದ ತಲೆಯಾಡಿಸಿ ಮಾತ್ರೆ ಮುಂದುವರಿಸಿ ಎಂದರು. ಹಾಗಾಗಿ ನುಂಗುತ್ತಿದ್ದೇನೆ.

ಆದರೂ ಒಂದು ಹೇಳಬೇಕು. ನಿಮ್ಮ ಕಾಗದ ಓದಿದ ರಾತ್ರಿ ನಾನು ಆ ಪ್ರವಾಸವಾದ ಮೇಲೆ ಮೊದಲ ಸಲ ನೆಮ್ಮದಿಯಾಗಿ ಮಲಗಿದೆ. ಯಾರೂ ನಂಬದಿದ್ದರೂ ನನಗೆ ಗೊತ್ತಲ್ಲ.

ನಿಮ್ಮಿಂದ ನಾನು ಏನನ್ನೂ ಕೇಳುತ್ತಿಲ್ಲ.

ಕಂಡಕ್ಟರ್

23 ಸೆಪ್ಟೆಂಬರ್

ಕಂಡಕ್ಟ್ರೇ,

ನೀವು ಅಡ್ಡ ನಿಂತಿರಿ ಎಂದು ಓದಿದ ಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮೂರು ದಿನ ಮಗಳ ಹಿಂದೆ ಮುಂದೆ ಸುತ್ತಿದೆ. ಭಾನುವಾರ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಾಗ ಎದುರು ಕೂತು ಎಲ್ಲವನ್ನೂ ಹೇಳಿದೆ. ಹಿಂದಿನ ಬಾಗಿಲಿನಿಂದ ಹಿಡಿದು ತಿರುವಿನ ರಸ್ತೆಯ ತನಕ.

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಒಂದೇ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ, "ಅವತ್ತು ನಾನು ಎಲ್ಲೆಲ್ಲಿಗೆ ಫೋನ್ ಮಾಡಿದೆ ಗೊತ್ತಾ ಅಮ್ಮ? ಪೊಲೀಸು, ಮೂರು ಆಸ್ಪತ್ರೆ. ಕೊನೆಗೆ ಶವಾಗಾರಕ್ಕೂ ಮಾಡಿದೆ. ನಿನ್ನ ಸೀರೆ ಬಣ್ಣ ಕೇಳಿದ್ರು. ನಂಗೆ ಗೊತ್ತಿರಲಿಲ್ಲ" ಎಂದಳು.

ಅಳು ಬಂತು, ಅತ್ತೆ. ಅವಳು ಅಳಲಿಲ್ಲ.

"ಆ ದಡದಲ್ಲಿ ಇದ್ದಾಗ ನನ್ನ ನೆನಪು ಬಂತಾ?" ಎಂದು ಕೇಳಿದಳು.

ಬಂತು ಎಂದುಬಿಡಬಹುದಿತ್ತು. ಇಲ್ಲ ಎಂದೆ. ಈ ಸಲ ಅದು ನಿಜ.

ಮಾರನೆಯ ದಿನ ಅವಳು ರಜೆ ಹಾಕಿ ನನ್ನನ್ನು ಕೆಳಗಿನ ರಸ್ತೆಯ ಟೈಪಿಂಗ್ ಅಂಗಡಿಗೆ ಕರೆದುಕೊಂಡು ಹೋದಳು. ಮೆಷಿನ್ ಮುಂದೆ ನಾನೇ ಕೂತೆ. ಒಂದೂ ತಪ್ಪಿಲ್ಲದೆ ಒಂದು ಹೇಳಿಕೆ ಟೈಪ್ ಮಾಡಿದೆ. ಶುರು ಮಾಡುವಾಗ ಬೆರಳು ತಾವಾಗಿಯೇ ಓಡಿದವು, "ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ ಬರೆದುಕೊಟ್ಟದ್ದು". ಇನ್ನೊಬ್ಬರ ವಿಲ್ಲಿಗೆ, ಕ್ರಯಪತ್ರಕ್ಕೆ ಇದನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ, ಅರ್ಥ ನೋಡಿರಲಿಲ್ಲ. ಹಿಂದಿನ ಬಾಗಿಲು, ಚೀಲ, ದೋಣಿ ಎಲ್ಲವನ್ನೂ ಕ್ರಮವಾಗಿ ಬರೆದು, ಬಸ್ಸಿನ ಬಾಗಿಲಲ್ಲಿ ನಡೆದದ್ದರ ಬಗ್ಗೆ ಕಂಡಕ್ಟರ್ ಹೇಳಿದ್ದೇ ನಿಜ, ನಾನು ಹೇಳಿದ್ದು ಸುಳ್ಳು ಎಂದು ಮುಗಿಸಿದೆ.

ಇಂಥದ್ದಕ್ಕೆ ಸಾಕ್ಷಿ ಸಹಿ ಬೇಕು. ಮಗಳು ಪೂರ್ತಿ ಓದಿದಳು. "ಸ್ವಸ್ಥ ಮನಸ್ಸಿನಿಂದ" ಎಂಬಲ್ಲಿ ಬೆರಳಿಟ್ಟು, "ಇದಕ್ಕೆ ನಾನು ಸಾಕ್ಷಿನಾ?" ಎಂದಳು. ಸಾಕ್ಷಿ ವಿಷಯಕ್ಕಲ್ಲ, ಸಹಿಗೆ ಮಾತ್ರ ಎಂದೆ. ಬಹಳ ಹೊತ್ತು ಪೆನ್ನು ಹಿಡಿದು ನಿಂತಳು. ಆಮೇಲೆ ಸಹಿ ಹಾಕಿದಳು, ಪ್ರತಿಯೊಂದಕ್ಕೂ. ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿದುಕೊಂಡಳು, ಆ ಕಡೆ ಬಂದ ಮೇಲೂ ಬಿಡಲಿಲ್ಲ. ಅಕ್ಟೋಬರಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಮನೆಯನ್ನು ಬಾಡಿಗೆಗೆ ನೋಡಲು ಶನಿವಾರ ಯಾರೋ ಹೋಗುತ್ತಾರಂತೆ.

ನಿಮ್ಮಕ್ಕನಿಗೆ ಹೇಳಿ, ಈಗ ಚಪ್ಪಲಿ ಮೆಟ್ಟಬಹುದು. ಒಟ್ಟು ನಾಲ್ಕು ಪ್ರತಿ ಮಾಡಿದ್ದೇನೆ. ಇದರ ಜೊತೆಗೆ ಮೂರು ಇಟ್ಟಿದ್ದೇನೆ, ಒಂದು ಹೆಡ್‌ಮಾಸ್ಟ್ರಿಗೆ, ಒಂದು ನಿಮ್ಮ ಡಾಕ್ಟರಿಗೆ, ಒಂದು ನಿಮಗೆ. ನಾಲ್ಕನೆಯದನ್ನು ಮಗಳು ತನಗೆ ಬೇಕೆಂದು ಕೇಳಿ ತೆಗೆದುಕೊಂಡಳು. ನನ್ನ ಹೆಸರಿನಲ್ಲಿ ಅವಳು ಒಂದು ಕಡತ ಮಾಡಿದ್ದಾಳೆ, ಅದರಲ್ಲಿ ಹಾಕಿಟ್ಟಿದ್ದಾಳೆ.

ಟೈಪಿಸ್ಟ್